ಸಂಗು ಮತ್ತು ನನ್ನ ಎಡಗೈ

ಭದ್ರಾವತಿಗೆ ಬಂದ ಮೊದಲ ವಾರ. ಬೆಳಗಿನ ಅಡುಗೆ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಫೌಂಡ್ರಿಯ ಕಡೆಯಿಂದ ಒಂದು ಕೂಗು ಬಂತು. ಮೂರು ಸಲ, ಗಿಡ್ಡ ಗಿಡ್ಡವಾಗಿ, ಕೂಗುತ್ತಿದ್ದವರ ಬಾಯಿಗೆ ಯಾರೋ ಕೈ ಅಡ್ಡ ಇಟ್ಟ ಹಾಗೆ. ಕಿಟಕಿಯಿಂದ ನೋಡಿದೆ. ನಮ್ಮ ಸಾಲಿನ ಮನೆಗಳ ಬಾಗಿಲೆಲ್ಲ ತೆರೆದಿದ್ದವು, ಪ್ರತಿ ಹೊಸ್ತಿಲ ಮೇಲೂ ಒಬ್ಬ ಹೆಂಗಸು. ಒಬ್ಬಳ ಕೈಯ ಸೌಟಿನಿಂದ ದೋಸೆ ಹಿಟ್ಟು ತೊಟ್ಟಿಕ್ಕುತ್ತಿತ್ತು. ಇನ್ನೊಬ್ಬಳ ಜಡೆ ಅರ್ಧ ಹೆಣೆದು ನಿಂತಿತ್ತು. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಎಲ್ಲರೂ ಫೌಂಡ್ರಿಯ ಚಿಮಣಿಯನ್ನೇ ನೋಡುತ್ತಿದ್ದರು.

ಪಕ್ಕದ ಮನೆಯ ಸೆಲ್ವಿಯ ಪರಿಚಯ ಆಗಿ ಎರಡು ದಿನವಾಗಿತ್ತಷ್ಟೆ. "ಏನಾತ್ರೀ?" ಎಂದು ಕೇಳಿದೆ. ಅವಳು ನನ್ನ ಕಡೆ ತಿರುಗದೆ "ಸಂಗು ಅಕ್ಕಾ" ಅಂದಳು. ಒಲೆಯ ಮೇಲೆ ಹಾಲಿತ್ತು, ನಾನು ಒಳಗೆ ಓಡಿದೆ. ಅಂದು ಮಧ್ಯಾಹ್ನ ಉದ್ದನೆಯ ಒಂದು ಕೂಗು ಬಂತು. ಶಿಫ್ಟು ಬದಲಾಗುವಾಗ ಹಾಗೆ ಕೂಗುತ್ತದೆ ಎಂದು ಅಷ್ಟರಲ್ಲೇ ತಿಳಿದಿದ್ದೆನಾದ್ದರಿಂದ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹೊರಗೆ ಬಂದಾಗ ಬಾಗಿಲುಗಳೆಲ್ಲ ಮುಚ್ಚಿದ್ದವು.

ಸೆಲ್ವಿ ಹೇಳಿದ್ದನ್ನು ನಾನು "ಸಂಘ" ಎಂದು ಕೇಳಿಸಿಕೊಂಡಿದ್ದೆ. ಧಾರವಾಡದವಳ ಕಿವಿ. ಸಂಜೆ ನಮ್ಮವರು ಬಂದಾಗ, "ಇಲ್ಲೆ ಸಂಘದವರು ಭಾಳ ಜೋರ್ ಅದಾರ್ರೀ, ಒಂದ್ ಕೂಗು ಹಾಕಿದ್ರ ಹೆಂಗಸರೆಲ್ಲಾ ಬಾಗಲಕ್ಕ ಬರ್ತಾರ" ಎಂದು ವರದಿ ಒಪ್ಪಿಸಿದೆ. ಅವರಿಗೂ ಗಾಬರಿ. ಮುಷ್ಕರ ಗಿಷ್ಕರ ಇದ್ದೀತೆಂದು ಮರುದಿನ ಶಂಕರಘಟ್ಟದ ಬಸ್ಸಿನಲ್ಲಿ ವಿಚಾರಿಸಿದರೆ ಕಂಡಕ್ಟರು ನಕ್ಕುಬಿಟ್ಟನಂತೆ. ಸಂಗು ಎಂದರೆ ತಮಿಳಿನಲ್ಲಿ ಶಂಖ. ಫೌಂಡ್ರಿಯ ಸೈರನ್ನಿಗೆ ನಮ್ಮ ಸಾಲಿನಲ್ಲಿ ಎಲ್ಲರೂ, ಕನ್ನಡದವರು ತೆಲುಗಿನವರು ಕೂಡ, ಅದೇ ಹೆಸರು ಹೇಳುತ್ತಿದ್ದರು.

ನಮ್ಮವರಿಗೆ ಶಂಕರಘಟ್ಟದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಭದ್ರಾವತಿಯ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಹಳೆಯ ಖಾಸಗಿ ಫೌಂಡ್ರಿ ಇತ್ತು, ಅದಕ್ಕೆ ಕ್ವಾರ್ಟರ್ಸು ಇತ್ತು. ಕೆಲಸಗಾರರು ಒಬ್ಬೊಬ್ಬರಾಗಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಗುತ್ತಿದ್ದರು. ಖಾಲಿಯಾದ ಮನೆಗಳನ್ನು ನಮ್ಮಂಥ ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಅಗ್ಗದ ಮನೆ ಎಂದು ನಾವು ಹಿಗ್ಗಿದ್ದೆವು. ಯಾಕೆ ಅಗ್ಗ ಎಂದು ಕೇಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಊರಿನ ಮಂದಿಗೆ ಇಲ್ಲಿಯ ಸಂಗತಿ ಹೇಳಬೇಕೆಂದರೆ ಮೊದಲು ಚುರುಮರಿಯಿಂದ ಶುರು ಮಾಡಬೇಕು. ನಾವು ಚುರುಮರಿ ಅನ್ನುವುದಕ್ಕೆ ಇಲ್ಲಿ ಮಂಡಕ್ಕಿ ಅನ್ನಬೇಕು, ಸೆಲ್ವಿಯ ಮನೆಯಲ್ಲಾದರೆ ಪೊರಿ. ಅಂಗಡಿಗೆ ಹೋಗಿ ಒಂದು ಸೇರು ಚುರುಮರಿ ಕೇಳಿದರೆ, ಈರುಳ್ಳಿ ಖಾರ ಬೆರೆಸಿದ್ದನ್ನು ಪೊಟ್ಟಣ ಕಟ್ಟಲು ಹೊರಟರು. ಜೋಳದ ಹಿಟ್ಟು ಬೀಸಿಸಲು ಗಿರಣಿ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಂಡರು. ನನ್ನ ರೊಟ್ಟಿ ಬಡಿಯುವ ಸದ್ದು ಕೇಳಿ ಹಿಂದಿನ ಸಾಲಿನ ಮಕ್ಕಳು ನೋಡಲು ಬಂದರು. ನಮ್ಮಲ್ಲಿ ಕೆಂಪು ಧೂಳು ಬೇಸಿಗೆಗಷ್ಟೇ ಬರುತ್ತದೆ. ಇಲ್ಲಿ ವರ್ಷವಿಡೀ ಕಪ್ಪು ಧೂಳು, ತಂತಿಯ ಮೇಲೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಬೂದಿ ಬಣ್ಣ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಒಗ್ಗದ್ದು ಬೀಗ ಬಿದ್ದ ಮನೆಗಳು. ಸಂಜೆ ದೀಪ ಹಚ್ಚುವಾಗ ನಮ್ಮ ಸಾಲು ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು.

ಆ ಮೂರು ಗಿಡ್ಡ ಕೂಗು ಏನು ಎಂದು ಸೆಲ್ವಿಯನ್ನು ಮತ್ತೊಮ್ಮೆ ಕೇಳಿದ್ದೆ. ಅವಳು, "ಏನಿಲ್ಲಕ್ಕಾ, ಸುಮ್ನೆ" ಎಂದು ಬೇರೆ ಮಾತು ತೆಗೆದಳು. ಯಂತ್ರ ಸರಿ ಇದೆಯೋ ಎಂದು ಕೂಗಿಸಿ ನೋಡುತ್ತಾರೇನೋ ಎಂದು ನಾನೇ ಅರ್ಥ ಮಾಡಿಕೊಂಡೆ.

ಪೇಟಿಯನ್ನು ನಾನು ತವರಿನಲ್ಲೇ ಬಿಟ್ಟು ಬಂದಿದ್ದೆ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ. ಲಾರಿಯಲ್ಲಿ ತಂದರೆ ಹಾಳಾದೀತೆಂದು ಅವ್ವ ಬಿಡಲಿಲ್ಲ. ಬೆರಳು ತಿನ್ನುತ್ತಿದ್ದವು. ಆಗ ಫೌಂಡ್ರಿಯ ಕ್ಲಬ್ಬಿನಲ್ಲಿ ಒಂದು ಪಿಯಾನೋ ಇದೆ ಎಂದು ಸೆಲ್ವಿಯೇ ಹೇಳಿದಳು. "ದೊಡ್ಡ ಪೆಟ್ಟಿಗೆ ಇದೆ ಅಕ್ಕಾ, ಯಾರೂ ಮುಟ್ಟಲ್ಲ" ಅಂದಳು. ಮೊದಲ ಮಾಲೀಕರು ಯಾವುದೋ ಹರಾಜಿನಲ್ಲಿ ಕೊಂಡು ತಂದದ್ದಂತೆ. ಅದರ ಮೇಲೆ ಕೇರಂ ಪಂದ್ಯದ ಕಪ್ಪುಗಳನ್ನು ಸಾಲಾಗಿ ಇಟ್ಟಿದ್ದರು. ಕ್ಲಬ್ಬಿನ ಸೆಕ್ರೆಟರಿ ಮಧ್ಯಾಹ್ನದ ಹೊತ್ತು ನುಡಿಸಿಕೊಳ್ಳಲು ಒಪ್ಪಿದರು, ಕಪ್ಪುಗಳನ್ನು ಮತ್ತೆ ಅಲ್ಲೇ ಇಡಬೇಕೆಂಬ ಷರತ್ತಿನ ಮೇಲೆ.

ಬೆರಳು ಒತ್ತುವ ಮನೆಗಳು ಅದೇ ಕಪ್ಪು ಬಿಳುಪು, ಆದರೆ ಎರಡೂ ವಾದ್ಯಕ್ಕೆ ಅಜಗಜಾಂತರ. ಪೇಟಿಯಲ್ಲಿ ಗಾಳಿ ಹಾಕುತ್ತಿರುವವರೆಗೂ ಸ್ವರ ಬದುಕಿರುತ್ತದೆ. ಪಿಯಾನೋದಲ್ಲಿ ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ, ನೀವು ಎಷ್ಟೇ ಒತ್ತಿ ಹಿಡಿಯಿರಿ. ಇನ್ನೊಂದು ತೊಂದರೆ ನನ್ನ ಎಡಗೈಯದು. ಪೇಟಿಯಲ್ಲಿ ಅದಕ್ಕೆ ಗಾಳಿ ಹಾಕುವ ಕೆಲಸ ಇತ್ತು. ಇಲ್ಲಿ ಅದು ನಿರುದ್ಯೋಗಿ. ಬಲಗೈ ರಾಗದಲ್ಲಿ ಅಡ್ಡಾಡಲು ಹೋದರೆ ಎಡಗೈ ತನಗೆ ತೋಚಿದಲ್ಲಿ ಕುಟ್ಟುತ್ತ ಕೂತಿರುತ್ತಿತ್ತು. ಹೀಗೆ ಗಂಟೆಗಟ್ಟಲೆ ನುಡಿಸುತ್ತಿದ್ದೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಏನು ನುಡಿಸಿದೆ ಎನ್ನುವುದೇ ಮರೆತಿರುತ್ತಿತ್ತು.

ಅಷ್ಟರಲ್ಲಿ ಸೆಕ್ರೆಟರಿ ಬಂದು, "ನವೆಂಬರ್‌ನಲ್ಲಿ ರಾಜ್ಯೋತ್ಸವ ಮಾಡ್ತೀವಿ ಮೇಡಂ. ಒಂದ್ ಹತ್ತು ನಿಮಿಷ ಏನಾದ್ರೂ ನುಡಿಸಿಬಿಡಿ" ಎಂದರು. ಹತ್ತು ನಿಮಿಷ! ಹೊರಗಿನವಳು ಎನ್ನಿಸಿಕೊಂಡು ವರ್ಷವಾಗುತ್ತ ಬಂದಿತ್ತು. ನಳದ ಹತ್ತಿರ ನನ್ನ ಕೊಡಕ್ಕೆ ಇನ್ನೂ "ಧಾರವಾಡ ಅಕ್ಕನ ಕೊಡ" ಎಂದೇ ಹೆಸರು. ಆ ಹತ್ತು ನಿಮಿಷ ಚೆನ್ನಾಗಿ ಬಂದರೆ ಈ ಸಾಲಿನಲ್ಲಿ ನಾನೂ ಒಬ್ಬಳಾದೇನು ಎನ್ನಿಸಿತು. ಆಸೆ ಅಂದರೆ ಆಸೆ, ಮುಚ್ಚಿಡುವುದೇನು. ಆದರೆ ಕೈಗೆ ಬಂದದ್ದನ್ನು ನುಡಿಸುತ್ತ ಹೋದರೆ ಅದಕ್ಕೆ ತಲೆಬುಡ ಬೇಡವೇ?

ಹಾಗಾಗಿ ಶಿವಮೊಗ್ಗದ ದುರ್ಗಿಗುಡಿಗೆ ಹೋಗತೊಡಗಿದೆ. ಅಲ್ಲಿ ವಿಶಾಲಾಕ್ಷಮ್ಮ ಟೀಚರ್ ಇದ್ದರು. ವೈದಿಕರ ಮನೆ. ಚಿಕ್ಕಂದಿನಲ್ಲಿ ಸನ್ಯಾಸಿನಿಯರ ಶಾಲೆಯಲ್ಲಿ ಪಿಯಾನೋ ಕಲಿತು, ಮನೆಯವರ ಕೈಲಿ ಬೈಸಿಕೊಂಡು, ಆಮೇಲೆ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಅವರ ಮನೆಯ ಹಳೆಯ ಪಿಯಾನೋದಲ್ಲಿ ನಾನು ಮಾರವಾ ರಾಗವನ್ನು ಬೆಳೆಸಿಕೊಂಡು ಹೋದೆ. ಅವರು ಅರ್ಧಕ್ಕೇ ಕೈ ಹಿಡಿದು ನಿಲ್ಲಿಸಿದರು.

"ಏನ್ ಮಾರಾಯ್ತಿ, ಸಾಗರಕ್ಕೆ ಅಂತ ಹೊರಟವಳು ಆಯನೂರಲ್ಲಿ ಇಳಿದು ಕಾಫಿ ಕುಡೀತಾ ಕೂತ್ಬಿಟ್ಯಲ್ಲ! ಬಸ್ಸು ಹೋಯ್ತು."

"ಮನಸಿಗೆ ಬಂದಂಗ ನುಡಸೋದ ಅಲ್ಲೇನ್ರಿ ಇದು?"

"ಮನಸಿಗೆ ಬಂದಹಾಗೆ ದಾರಿ ಬಿಡು, ಯಾರು ಬೇಡ ಅಂದ್ರು? ಆದ್ರೆ ಊರು ಮರೀಬೇಡ. ಒಂದೇ ಒಂದು ಮಾತು ಹಿಡ್ಕೋ. ಅದನ್ನ ಹೇಳು, ಬಿಟ್ಟು ಹೋಗು, ತಿರುಗಿ ಬಂದು ಮತ್ತೆ ಹೇಳು. ಕೊನೆಗೆ ಎಲ್ಲಿ ಕೂರ್ತೀಯ ಅಂತ ಹೊರಡೋಕೆ ಮುಂಚೆನೇ ಗೊತ್ತಿರ್ಬೇಕು."

ನುಡಿಸಿದ್ದನ್ನೆಲ್ಲ ಕ್ಯಾಸೆಟ್ಟಿನಲ್ಲಿ ಹಿಡಿ, ಕೇಳು, ಉಳಿಯುವುದನ್ನು ಉಳಿಸಿಕೊಂಡು ಮಿಕ್ಕಿದ್ದು ಬಿಸಾಕು ಎಂಬುದು ಅವರು ಕೊಟ್ಟ ಮನೆಗೆಲಸ. ಟೇಪ್ ರೆಕಾರ್ಡರ್ ಹೊತ್ತುಕೊಂಡು ಕ್ಲಬ್ಬಿಗೆ ಹೋದೆ. ಮನೆಗೆ ಬಂದು ಕೇಳಿದರೆ ಬಲಗೈಯ ಆಟವೆಲ್ಲ ಜೊಳ್ಳು. ಆದರೆ ಪ್ರತಿ ಕ್ಯಾಸೆಟ್ಟಿನಲ್ಲೂ ಕೆಳಗೆ ಮಂದ್ರದಲ್ಲಿ ಏನೋ ಒಂದು ಬಡಿದುಕೊಳ್ಳುತ್ತಿತ್ತು. ಮೂರು ಸಲ, ಗಿಡ್ಡವಾಗಿ. ಒಂದಿಷ್ಟು ಮೌನ. ಮತ್ತೆ ಮೂರು. ನನ್ನ ಎಡಗೈ ನನಗೆ ಹೇಳದೆ ಕೇಳದೆ ಮಾಡುತ್ತಿದ್ದ ಕೆಲಸ ಅದು. ನಮ್ಮವರು ಊಟ ಮಾಡುತ್ತ ಕೂತವರು ತುತ್ತು ನಿಲ್ಲಿಸಿ, "ಇದನ್ನ ಎಲ್ಲೋ ಕೇಳೇನಲ್ಲ" ಎಂದರು. ಆಗ ಹೊಳೆಯಿತು. ಸಂಗು!

ಎಷ್ಟು ಖುಷಿಯಾಯಿತೆಂದರೆ ಹೇಳಲಾರೆ. ನಾನು ಈ ಊರನ್ನು ಸೇರಲು ತಡಕಾಡುತ್ತಿದ್ದರೆ ಊರೇ ನನ್ನ ಕೈಯೊಳಗೆ ಬಂದು ಕೂತಿತ್ತು. ಅದನ್ನೇ ಟೀಚರ್ ಹೇಳಿದ ಆ "ಒಂದು ಮಾತು" ಮಾಡಿಕೊಂಡೆ. ಎಡಗೈ ಮೂರು ಸಲ ಕೂಗುವುದು, ಬಲಗೈ ಮಾರವಾದಲ್ಲಿ ಅಲೆಯುವುದು, ತಿರುಗಿ ಕೂಗಿನ ಹತ್ತಿರ ಬರುವುದು. ಮಾರವಾ ಮೊದಲೇ ಷಡ್ಜದ ಕಣ್ಣು ತಪ್ಪಿಸಿಕೊಂಡು ತಿರುಗುವ ರಾಗ, ಮನೆ ಎದುರಿಗಿದ್ದರೂ ಒಳಗೆ ಹೋಗದವರ ಹಾಗೆ. ಕೂಗಿಗೂ ರಾಗಕ್ಕೂ ಚೆನ್ನಾಗಿ ಕೂಡಿತು. ಕೊನೆ ಮಾತ್ರ ಸಿಗಲಿಲ್ಲ. ಅದು ಅವತ್ತಿಗೆ ತಾನಾಗಿ ಬಂದೀತು ಎಂದುಕೊಂಡೆ.

ರಾಜ್ಯೋತ್ಸವದ ಸಂಜೆ ನಮ್ಮ ಸಾಲಿನ ಹೆಂಗಸರು ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ಸೆಲ್ವಿ ಮಲ್ಲಿಗೆ ಮುಡಿದು ಬಂದಿದ್ದಳು. ಅವಳ ಗಂಡ ಮುರುಗೇಶನಿಗೆ ಸೆಕೆಂಡ್ ಶಿಫ್ಟು, ಕುಲುಮೆಯ ಹತ್ತಿರ. ನಾನು ಶುರು ಮಾಡಿದೆ. ಮಂದ್ರದಲ್ಲಿ ಮೂರು ಸಲ. ಯಾರೋ ಕೆಮ್ಮಿದರು. ಬಲಗೈ ಹೊರಟು, ತಿರುಗಿ, ಮತ್ತೆ ಮೂರು. ಗುರುತು ಹಿಡಿಯುತ್ತಾರೆ, ನಗುತ್ತಾರೆ ಎಂದು ಕಾದೆ. ಕುರ್ಚಿ ಸರಿದ ಸದ್ದು ಬಂತು. ಓರೆಗಣ್ಣಿನಲ್ಲಿ ನೋಡಿದರೆ ಸೆಲ್ವಿ ಎದ್ದು ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲರೂ ನಡೆದುಹೋಗಿ ಕ್ಲಬ್ಬಿನ ಬಾಗಿಲಲ್ಲಿ ಗುಂಪಾಗಿ, ನನಗೆ ಬೆನ್ನು ಹಾಕಿ, ಚಿಮಣಿಯ ಕಡೆ ಮುಖ ಮಾಡಿ ನಿಂತರು. ನನ್ನ ಕೈ ನಡುವೆಯೇ ನಿಂತುಹೋಯಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ನಳದ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ನನ್ನ ಕೊಡವನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ನಮ್ಮವರು "ಹೋಗಲಿ ಬಿಡು, ಧಾರವಾಡಕ್ಕ ಹೋಗಿ ನಾಲ್ಕ ದಿನಾ ಇದ್ದ ಬಾ" ಎಂದರು. ಹೋಗಲಿಲ್ಲ. ಓಡಿಹೋದಳು ಎನ್ನಿಸಿಕೊಳ್ಳುವುದು ನನ್ನ ಜಾಯಮಾನದಲ್ಲಿಲ್ಲ.

ಒಂದು ದಿನ ಸೆಲ್ವಿ ತಾನೇ ಬಂದಳು. ಒಳಗೆ ಬರಲಿಲ್ಲ, ಕೂರಲಿಲ್ಲ.

"ಆ ಸಂಗು ಯಾವಾಗ ಕೂಗ್ತಾರೆ ಗೊತ್ತಾ ಅಕ್ಕಾ? ಒಳಗೆ ಏನಾದ್ರೂ ಆದಾಗ. ಬೆಂಕಿ, ಇಲ್ಲ ಕಬ್ಬಿಣ ಚೆಲ್ಲಿದಾಗ. ನಮ್ಮ ಲೈನಲ್ಲಿ ಮಕ್ಕಳು ಆಟಕ್ಕೂ ಹಾಗೆ ಕೂಗಲ್ಲ. ಕೂಗಿದ್ರೆ ಬಾಯಿ ಮೇಲೆ ಹೊಡೀತೀವಿ. ನಮ್ಮಲ್ಲಿ ಸತ್ತವರ ಮುಂದೆ ಊದೋದೂ ಸಂಗೇ."

"ನನಗ ಗೊತ್ತಿರಲಿಲ್ಲ ಸೆಲ್ವಿ. ನೀ ಹೇಳಲಿಲ್ಲಲ್ಲ" ಎಂದೆ.

"ಅದನ್ನ ಬಾಯಿ ಬಿಟ್ಟು ಹೇಳ್ತಾರಾ? ಹೇಳಿದ್ರೆ ಕರೆದ ಹಾಗೆ." ಅವಳ ದನಿ ಏರಿತು. "ಕೂಗಿದ್ದು ಹೋಗ್ಲಿ. ಮೂರು ಕೂಗಿ ಹಾಗೇ ಬಿಟ್ಟುಬಿಟ್ರಲ್ಲ! ಉದ್ದ ಸಂಗು ಎಲ್ಲಿ? ಯಾರಿಗೂ ಏನೂ ಆಗಿಲ್ಲ, ಒಳಗೆ ಹೋಗಿ ಅಂತ ಹೇಳೋದು ಅದು. ಅದು ಬರೋವರ್ಗೂ ಹೆಂಗಸರು ಒಳಗೆ ಹೋಗೋ ಹಾಗಿಲ್ಲ. ನಮ್ಮಪ್ಪನ ದಿನ ಅದು ಬರಲೇ ಇಲ್ಲ. ಅಮ್ಮ ಹೊಸ್ತಿಲ ಮೇಲೇ ಇದ್ಲು, ಅವರನ್ನ ತರೋವರ್ಗೂ."

ಬಂದ ಮೊದಲ ವಾರ, ಮಧ್ಯಾಹ್ನ ಕೇಳಿದ ಉದ್ದನೆಯ ಕೂಗು ನೆನಪಾಯಿತು. ಶಿಫ್ಟಿನದೆಂದು ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದದ್ದು ಅದೇ. ನನ್ನ ಸಂಗೀತಕ್ಕೆ ಕೊನೆ ಸಿಗದೆ ಇದ್ದದ್ದೂ ಅದಕ್ಕೇ.

ಮಾರವಾದಲ್ಲಿ ಅಷ್ಟು ಹೊತ್ತು ತಪ್ಪಿಸಿಕೊಂಡ ಷಡ್ಜವನ್ನು ಕೊನೆಗೆ ಉದ್ದ ಸಂಗಾಗಿ ತರಬೇಕು. ಇಷ್ಟು ಸರಳ. ಮರುವಾರ ಸೆಲ್ವಿಯನ್ನು ಕಾಡಿ ಬೇಡಿ ಕ್ಲಬ್ಬಿಗೆ ಕರೆದುಕೊಂಡು ಹೋದೆ. ಅವಳು ಬಾಗಿಲಲ್ಲೇ ನಿಂತಳು. ನುಡಿಸಿದೆ, ಕೊನೆಯಲ್ಲಿ ಷಡ್ಜ ಒತ್ತಿ ಹಿಡಿದೆ. ಹಾಳು ಪಿಯಾನೋ, ಸ್ವರ ಎರಡು ಉಸಿರಿನಲ್ಲಿ ಇಂಗಿಹೋಯಿತು. "ಇಷ್ಟೇನಾ?" ಎಂದಳು ಸೆಲ್ವಿ, ನಿಂತಲ್ಲಿಂದಲೇ.

ದುರ್ಗಿಗುಡಿಗೆ ಓಡಿದೆ. ಟೀಚರ್ ಪೂರ್ತಿ ಕೇಳಿದರು. ಆಮೇಲೆ, "ಇದರಲ್ಲಿ ಸ್ವರ ಉಳಿಸೋದು ಅಂದ್ರೆ ಉಳಿದ ಹಾಗೆ ನಂಬಿಸೋದು, ಅಷ್ಟೇ" ಎಂದರು. ಷಡ್ಜವನ್ನೂ ಅದರ ಮೇಲಿನ ಷಡ್ಜವನ್ನೂ ಎರಡು ಬೆರಳಲ್ಲಿ ಬೇಗ ಬೇಗ ತೂಗುತ್ತ, ಕಾಲಿನಿಂದ ಪೆಡಲ್ ಒತ್ತಿ, ಒಂದು ಸಾಯುವುದರೊಳಗೆ ಇನ್ನೊಂದನ್ನು ಹುಟ್ಟಿಸುವುದನ್ನು ಕಲಿಸಿದರು. ಮಣಿಕಟ್ಟು ಊದಿಕೊಂಡಿತು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಸೆಲ್ವಿ ಮತ್ತೆ ಬಾಗಿಲಲ್ಲಿ ನಿಂತು ಕೇಳಿದಳು. ಮೂರು ಕೂಗು, ಅಲೆದಾಟ, ಮತ್ತೆ ಮೂರು ಕೂಗು. ಕೊನೆಗೆ ಷಡ್ಜ, ಕೈ ಸೋಲುವವರೆಗೂ. ತಿರುಗಿ ನೋಡಿದರೆ ಅವಳು ಒಳಗೆ ಬಂದು ಕುರ್ಚಿಯಲ್ಲಿ ಕೂತಿದ್ದಳು. ನನ್ನ ಜೀವಮಾನದಲ್ಲಿ ಬಿದ್ದ ದೊಡ್ಡ ಚಪ್ಪಾಳೆ ಅದು.

ಆ ಗೆಲುವು ಹೆಚ್ಚು ದಿನ ಉಳಿಯಲಿಲ್ಲ. ಮರುವರ್ಷ ಬೇಸಿಗೆಯ ಒಂದು ಬೆಳಿಗ್ಗೆ ನಿಜವಾದ ಸಂಗು ಕೂಗಿತು. ಮೂರು ಸಲ. ಈ ಸಲ ನಾನೂ ಹೊಸ್ತಿಲ ಮೇಲಿದ್ದೆ, ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಚಿಮಣಿಯ ಪಕ್ಕದಿಂದ ಕರಿ ಹೊಗೆ ಎದ್ದಿತು. ಮುರುಗೇಶ ಒಳಗಿದ್ದ. ಸೆಲ್ವಿ ನನ್ನ ಕಡೆ ನೋಡಲಿಲ್ಲ, ನಾನು ಅವಳ ಕಡೆ ನೋಡಲಿಲ್ಲ. ಎಲ್ಲೋ ಅನ್ನ ಸೀದ ವಾಸನೆ ಬಂತು. ಯಾರೂ ಒಳಗೆ ಹೋಗಲಿಲ್ಲ.

ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ, "ಏನಾಗಿಲ್ಲಮ್ಮ, ಹೋಗಿ ಹೋಗಿ" ಎಂದು ಕೂಗಿ ಹೇಳಿದ. ಒಬ್ಬಳೂ ಕದಲಲಿಲ್ಲ. ಶಂಖದಿಂದ ಬಿದ್ದರೇ ತೀರ್ಥ ಅನ್ನುತ್ತೇವಲ್ಲ, ಇಲ್ಲಿ ಸಂಗಿನಿಂದ ಬಂದರೇ ಸುದ್ದಿ. ಹೊತ್ತು ನೆತ್ತಿಗೆ ಬಂತು, ಇಳಿಯಿತು. ನನ್ನ ಕೈಯ ಹಿಟ್ಟು ಒಣಗಿ ಬಿರಿಯಿತು. ಉದ್ದ ಸಂಗು ಬರಲಿಲ್ಲ.

ಇಳಿಹೊತ್ತಿನಲ್ಲಿ ಗಂಡಸರು ನಡೆದು ಬಂದರು, ಮಸಿ ಹಿಡಿದ ಮುಖ, ಎಲ್ಲರೂ ಇದ್ದರು. ಮುರುಗೇಶನೂ ಇದ್ದ. ಬೆಂಕಿ ಬಿದ್ದದ್ದು ಕರೆಂಟಿನ ಕೋಣೆಗೆ. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಸಂಗಿಗೆ ಕರೆಂಟು ಹೋಗುತ್ತಿದ್ದದ್ದೂ ಅಲ್ಲಿಂದಲೇ. ಆ ಮೂರು ಕೂಗು ಕೂಗಿ ಅದು ಸುಟ್ಟುಹೋಗಿತ್ತು. ಗಂಡ ಎದುರಿಗೆ ಬಂದು ನಿಂತರೂ ಸೆಲ್ವಿ ಹೊಸ್ತಿಲು ಇಳಿಯಲಿಲ್ಲ. ಅವನ ತೋಳು ಮುಟ್ಟಿ ನೋಡಿದಳು, ಮತ್ತೆ ಚಿಮಣಿಯ ಕಡೆ ನೋಡಿದಳು.

ಮಾಲೀಕರು ರಿಪೇರಿ ಮಾಡಿಸಲಿಲ್ಲ. ಇವತ್ತು ನಾಳೆ ಎನ್ನುತ್ತ ಫೌಂಡ್ರಿ ಮುಚ್ಚಿತು. ಕ್ಲಬ್ಬಿಗೂ ಬೀಗ ಬಿತ್ತು, ಪಿಯಾನೋ ಒಳಗೇ ಉಳಿಯಿತು. ಸೆಲ್ವಿ, ಮುರುಗೇಶ ಇಬ್ಬರೂ ಇಲ್ಲೇ ಹುಟ್ಟಿದವರು. ಅವರು ತಿರುಪ್ಪೂರಿಗೆ ಬನಿಯನ್ ಕಂಪನಿ ಕೆಲಸಕ್ಕೆ ಹೊರಟರು. ಟೆಂಪೊಗೆ ಪಾತ್ರೆ ತುಂಬಿದ ಮೇಲೆ ಸೆಲ್ವಿ ನನ್ನ ಹತ್ತಿರ ಬಂದಳು.

"ಅಕ್ಕಾ, ಒಂದ್ಸಲ ಆ ಉದ್ದದ್ದು ಬಾರಿಸ್ತೀರಾ?"

ಬೀಗದ ಕೈ ಯಾರ ಹತ್ತಿರ ಇತ್ತೋ. ಸೆಕ್ರೆಟರಿ ಊರು ಬಿಟ್ಟು ಆಗಲೇ ತಿಂಗಳಾಗಿತ್ತು. ನನ್ನ ಪೇಟಿ ಧಾರವಾಡದಲ್ಲಿತ್ತು. ಬಾಯಲ್ಲಿ ಹಾಡಿದರೆ ಒಂದೇ ಉಸಿರಿಗೆ ಮುಗಿದುಹೋಗುತ್ತಿತ್ತು. "ಮುಂದಿನ ಸಲ" ಎಂದೆ. ಅವಳು ತಲೆಯಾಡಿಸಿ, "ಬರ್ತೀನಿ ಅಕ್ಕಾ" ಎಂದಳು. ಟೆಂಪೊ ಹೋಯಿತು. ಸಾಲಿನಲ್ಲಿ ನಾವೂ ಇನ್ನೊಂದು ಮನೆಯವರೂ ಉಳಿದೆವು. ಉಳಿದವಳೇ ಊರಿನವಳಾದಳು ನೋಡಿ! ಈಗ ಯಾರಾದರೂ ಹೊಸಬರು ದಾರಿ ಕೇಳಿದರೆ ಹೇಳುವವಳು ನಾನೇ.

ಆ ವರ್ಷ ದಸರೆಗೆ ಧಾರವಾಡಕ್ಕೆ ಹೋದೆ. ತವರಿನಲ್ಲಿ ನನ್ನ ಮಾತು ಕೇಳಿ ತಮ್ಮ ನಕ್ಕ. "ಮಂಡಕ್ಕಿ" ಅಂದಿದ್ದೆನಂತೆ. ಸಂಜೆ ಪೇಟಿ ತೆಗೆದು ಧೂಳು ಒರೆಸಿ ಕೂತೆ. ಮಂದ್ರದಲ್ಲಿ ಮೂರು ಸಲ ಒತ್ತಿದೆ. ಪಡಸಾಲೆಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ, ಯಾಕೆ ನಿಲ್ಲಬೇಕು? ಆಮೇಲೆ ಷಡ್ಜ ಹಿಡಿದೆ. ಎಡಗೈಗೆ ಅದರ ಹಳೆಯ ಕೆಲಸ ಮರಳಿ ಸಿಕ್ಕಿತ್ತು. ಗಾಳಿ ಹಾಕಿದಷ್ಟೂ ಸ್ವರ ಅಲುಗದೆ ನಿಂತಿತು. ಭದ್ರಾವತಿಯಲ್ಲಿ ಮಣಿಕಟ್ಟು ಮುರಿದುಕೊಂಡರೂ ಉಳಿಸಿಕೊಳ್ಳಲಾಗದ ಸ್ವರ ಇಲ್ಲಿ ಒಂದು ಬೆರಳಿಗೆ ಸಿಕ್ಕಿತ್ತು, ಅದು ಬೇಕಾದವರು ಮಾತ್ರ ಇಲ್ಲಿರಲಿಲ್ಲ.

ಅಡುಗೆಮನೆಯಿಂದ ಅವ್ವ ಹೊರಗೆ ಬಂದಳು.

"ಎಷ್ಟೊತ್ತ ಅದ ಒಂದ ಸ್ವರಾ ಹಿಡಕೊಂಡ ಕೂಡ್ತೀಯವ್ವಾ? ಮುಂದ ನುಡಸು, ಇಲ್ಲಾ ಬಿಡು."

ಬಿಡಲು ಬೆರಳು ಏಳಲಿಲ್ಲ.

"ಇನ್ನೂ ಯಾರೂ ಒಳಗ ಹೋಗಿಲ್ಲವ್ವಾ" ಎಂದೆ.

ಅವ್ವ ಬಾಗಿಲಿಗೆ ಹೋಗಿ, ಹೊರಗೆ ಆ ಕಡೆ ಈ ಕಡೆ ನೋಡಿದಳು. ಅಲ್ಲೇ ಹೊಸ್ತಿಲ ಮೇಲೆ ನಿಂತು, "ಇಲ್ಲೆ ಯಾರೂ ಇಲ್ಲಲ್ಲ" ಎಂದಳು.